ಮನೆಯಲ್ಲೇ ಬೈಕಿನ ಆರ್‌ಆರ್ ಯೂನಿಟ್ ಬದಲಿಸಿದ್ದು

ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್ ಸದ್ದು. ಹಾರ್ನ್ ಹೊಡೆದರೆ ಹೆಡ್‌ಲೈಟ್ ಡಿಮ್. ಇಂಥ ಬೈಕ್ ತಗೊಂಡು ಹೋದರೆ ಕೇಳಿಬರುವ ಮಾತು ಒಂದೇ: "ಬ್ಯಾಟರಿ ಹೋಗ್ಯಾದ್ರಿ, ಹೊಸಾದು ಹಾಕ್ಕೊಳ್ರಿ." ಕಲಬುರಗಿಯ ಒಂದು ಅಂಗಡಿಯಲ್ಲಿ ನನಗೂ ಹಾಗೇ ಹೇಳಿದರು. ಆದರೆ ನನ್ನ 150 ಸಿಸಿ ಬೈಕಿಗೆ ಬ್ಯಾಟರಿ ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಚಾರ್ಜ್ ಆಗದಿದ್ದರೆ ಹೊಸ ಬ್ಯಾಟರಿಯೂ ಖಾಲಿ ಆಗುತ್ತದೆ, ಅಲ್ವಾ? ದುಡ್ಡು ಬಿಚ್ಚುವ ಮುಂಚೆ ವೋಲ್ಟ್, ರೆಸಿಸ್ಟೆನ್ಸ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ.

ಬೈಕಿನ ಚಾರ್ಜಿಂಗ್ ವ್ಯವಸ್ಥೆಯಲ್ಲಿ ಮುಖ್ಯ ಸಾಮಾನು ಮೂರೇ. ಎಂಜಿನ್ ಒಳಗಿನ ಮ್ಯಾಗ್ನೆಟ್ ಕಾಯಿಲ್ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್ ಹುಟ್ಟಿಸುತ್ತದೆ. ಆರ್‌ಆರ್ ಯೂನಿಟ್, ಅಂದರೆ ರೆಗ್ಯುಲೇಟರ್ ರೆಕ್ಟಿಫೈಯರ್, ಅದನ್ನು ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡಿ ಸುಮಾರು 14.5 ವೋಲ್ಟ್ ದಾಟದಂತೆ ತಡೆಯುತ್ತದೆ. ಕೊನೆಗೆ ಬ್ಯಾಟರಿ. 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಎಂಜಿನ್ ಶುರುವಾದರೆ ಹೆಡ್‌ಲೈಟ್ ತಾನಾಗಿಯೇ ಉರಿಯುತ್ತದೆ, ಆಫ್ ಮಾಡಲು ಸ್ವಿಚ್ಚೇ ಇಲ್ಲ. ನನ್ನದೂ ಅಂಥದ್ದೇ. ಚಾರ್ಜಿಂಗ್ ನಿಂತರೆ ಬ್ಯಾಟರಿ ಬೇಗ ಬಸಿದುಹೋಗುತ್ತದೆ.

ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಫ್ಯೂಸ್ ಸರಿ ಇತ್ತು, ಬ್ಯಾಟರಿ ಟರ್ಮಿನಲ್ ಬಿಗಿಯಾಗಿತ್ತು. ಬ್ಯಾಟರಿಗೆ ಮೀಟರ್ ಹಚ್ಚಿ ಕಿಕ್ ಹೊಡೆದು ಶುರು ಮಾಡಿದೆ. ಅಕ್ಕನ ಮಗ ಆಕ್ಸಿಲರೇಟರ್ ತಿರುವುತ್ತಿದ್ದ. ರೇಸ್ ಮಾಡಿದರೆ 14 ವೋಲ್ಟ್ ಆಸುಪಾಸು ಬರಬೇಕು. ಮೀಟರ್ 12.1ರಿಂದ ಮೇಲೇಳಲೇ ಇಲ್ಲ. "ಮಾಮಾ, ಹಂಗೇ ನಿಂತದಲ್ಲ?" ಅಂದ ಹುಡುಗ. ಚಾರ್ಜ್ ಆಗುತ್ತಿಲ್ಲ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಇನ್ನು ಉಳಿದ ಪ್ರಶ್ನೆ, ಕಾಯಿಲ್ ಹೋಗಿದೆಯೋ ಆರ್‌ಆರ್ ಹೋಗಿದೆಯೋ. ಇದನ್ನು ಅಂದಾಜಿನ ಮೇಲೆ ಬಿಡಬೇಡಿ. ಕಾಯಿಲ್ ಬದಲಿಸಬೇಕಾದರೆ ಎಂಜಿನ್ ಕವರ್ ಬಿಚ್ಚಬೇಕು, ಗ್ಯಾಸ್ಕೆಟ್ ಹೊಸದು ಬೇಕು. ಸುಮ್ನೆ ಆ ಕೆಲಸಕ್ಕೆ ಕೈ ಹಾಕುವುದು ಯಾಕೆ? ಕಾಯಿಲ್‌ನಿಂದ ಬರುವ ಮೂರು ಹಳದಿ ವೈರಿನ ಕಪ್ಲರ್, ಅಂದರೆ ವೈರು ಜೋಡಿಸುವ ಪ್ಲಾಸ್ಟಿಕ್ ಪ್ಲಗ್, ಕಿತ್ತೆ. ಎಂಜಿನ್ ಆಫ್ ಇದ್ದಾಗ ಹಳದಿ ವೈರಿಗೂ ಬಾಡಿಗೂ ನಡುವೆ ಮೀಟರ್ ಬೀಪ್ ಅನ್ನಬಾರದು, ಅನ್ನಲಿಲ್ಲ. ಎರಡೆರಡು ಹಳದಿ ವೈರಿನ ನಡುವೆ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಕಡಿಮೆ, ಮೂರೂ ಜೋಡಿ ಸಮ. ಆಮೇಲೆ ಎಂಜಿನ್ ಶುರು ಮಾಡಿ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟೆ. ರೇಸ್ ಮಾಡಿದಂತೆ ಮೂರೂ ಜೋಡಿಯಲ್ಲಿ ಒಂದೇ ಸಮ ಏರಿ 50 ವೋಲ್ಟ್ ದಾಟಿತು. ಎಷ್ಟು ಬರಬೇಕು ಅನ್ನುವುದು ಬೈಕಿಂದ ಬೈಕಿಗೆ ಬೇರೆ. ಮೂರೂ ಸಮ ಇರುವುದು ಮುಖ್ಯ. ಆ ಹೊತ್ತಿನಲ್ಲಿ ವೈರಿನ ತುದಿಗೆ ಬರಿಗೈ ತಾಗಿಸಬೇಡಿ.

ಕಾಯಿಲ್ ಗಟ್ಟಿಯಿತ್ತು. ಆರ್‌ಆರ್ ಬಿಚ್ಚಿ ಮೀಟರಿನ ಡಯೋಡ್ ಮೋಡ್‌ನಲ್ಲಿ ನೋಡಿದೆ. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ. ಮೀಟರಿನ ಕೆಂಪು ಕಡ್ಡಿ ಹಳದಿಗೆ, ಕಪ್ಪು ಕಡ್ಡಿ ಯೂನಿಟ್ಟಿನ ಕೆಂಪು ವೈರಿಗೆ ಹಿಡಿದರೆ 0.5ರ ಆಸುಪಾಸು ಬರಬೇಕು, ತಿರುಗಿಸಿ ಹಿಡಿದರೆ ಏನೂ ಬರಬಾರದು. ಎರಡು ಹಳದಿ ವೈರು ಹಾಗೇ ಇದ್ದವು. ಮೂರನೆಯದು ಎರಡೂ ಕಡೆ ಸೊನ್ನೆ. ಡಯೋಡ್ ಶಾರ್ಟ್.

ಕಪ್ಲರನ್ನು ಬಿಸಿಲಿಗೆ ಹಿಡಿದು ನೋಡಿದೆ. ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು, ಒಳಗಿನ ಪಿನ್ ಕಪ್ಪಾಗಿತ್ತು. ಯೂನಿಟ್ಟಿನ ರೆಕ್ಕೆಗಳ ನಡುವೆ ಕರಿಮಣ್ಣು ಒಣಗಿ ಕಲ್ಲಾಗಿ ಕೂತಿತ್ತು. ಮಳೆಗಾಲದಲ್ಲಿ ತೊಗರಿ ಹೊಲಕ್ಕೆ ಹೋಗಿಬರುವ ಬೈಕ್ ಇದು. ಷಂಟ್ ಮಾದರಿಯ ಯೂನಿಟ್ ಜಾಸ್ತಿ ಕರೆಂಟನ್ನು ಶಾರ್ಟ್ ಮಾಡಿ ಇಳಿಸುತ್ತದೆ, ಅದರಿಂದ ತಾನೇ ಕಾಯುತ್ತದೆ. ಆ ಕಾವು ಹೊರಗೆ ಹೋಗಲಿ ಅಂತಲೇ ರೆಕ್ಕೆ ಕೊಟ್ಟಿರುವುದು. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಲ್ಲಿ ಗಾಳಿಯ ದಾರಿಯೂ ಮುಚ್ಚಿದರೆ ಯೂನಿಟ್ ಬಾಳುವುದು ಹೇಗೆ? ಸುಟ್ಟಿದ್ದು ಇದರಿಂದಲೇ ಅಂತ ನನ್ನ ಬಲವಾದ ಅನುಮಾನ.

ಹಳೆಯ ಯೂನಿಟ್ ಕೈಯಲ್ಲಿ ಹಿಡಿದುಕೊಂಡೇ ಬಿಡಿಭಾಗದ ಅಂಗಡಿಗೆ ಹೋದೆ. ಪಿನ್‌ಗಳ ಸಂಖ್ಯೆ, ವೈರಿನ ಜಾಗ, ಬೋಲ್ಟ್ ತೂತು ಎಲ್ಲ ತಾಳೆ ನೋಡಿಯೇ ಕೊಳ್ಳಬೇಕು. ನೋಡಲು ಒಂದೇ ಥರ ಇದ್ದರೂ ಒಳಗಿನ ಜೋಡಣೆ ಬೇರೆ ಇರಬಹುದು. ಕಪ್ಲರನ್ನೂ ಹೊಸದೇ ತಂದೆ. ಸುಟ್ಟ ಕಪ್ಲರಿಗೆ ಹೊಸ ಯೂನಿಟ್ ಸಿಕ್ಕಿಸಿದರೆ ಅದೇ ಜಾಗದಲ್ಲಿ ಮತ್ತೆ ಕಾಯುತ್ತದೆ.

ಜೋಡಿಸುವುದು ಸುಲಭ. ಬ್ಯಾಟರಿಯ ಮೈನಸ್ ಮೊದಲೇ ಬಿಚ್ಚಿಟ್ಟಿದ್ದೆ. ಯೂನಿಟ್ ಕೂರುವ ಜಾಗವನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ಮಣ್ಣು, ತುಕ್ಕು ತೆಗೆದೆ. ಲೋಹಕ್ಕೆ ಲೋಹ ತಾಗಿದರೆ ಕಾವು ಫ್ರೇಮಿಗೆ ಇಳಿಯುತ್ತದೆ. 10 ನಂಬರ್ ಪಾನಾದಿಂದ ಬೋಲ್ಟ್ ಬಿಗಿದು, ಕಪ್ಲರ್ ಟಕ್ ಅನ್ನುವವರೆಗೆ ಒತ್ತಿ, ಕೊನೆಗೆ ಮೈನಸ್ ಹಾಕಿದೆ. ಬ್ಯಾಟರಿ ಬಿಚ್ಚಿಟ್ಟು ಎಂಜಿನ್ ಓಡಿಸಿ ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ವೋಲ್ಟೇಜ್ ಏಕ್‌ದಂ ಏರಿ ಹೊಸ ಯೂನಿಟ್ ಜೊತೆ ಬೈಕಿನ ಮೀಟರ್, ಬಲ್ಬ್ ಎಲ್ಲ ಸುಡಬಹುದು.

ಮತ್ತೆ ಕಿಕ್ ಹೊಡೆದೆ. ಐಡಲ್‌ನಲ್ಲಿ 13.4, ರೇಸ್ ಮಾಡಿದಾಗ 14.3, ಅಲ್ಲಿಗೆ ನಿಂತಿತು. ಇದು 15 ದಾಟಿದರೆ ಯೂನಿಟ್ ಸರಿ ಇಲ್ಲ ಅಂತ ಅರ್ಥ, ಅದು ಬ್ಯಾಟರಿಯನ್ನು ಕುದಿಸಿ ಕೊಲ್ಲುತ್ತದೆ. ಅದೇ ಹಳೆ ಬ್ಯಾಟರಿಯನ್ನು ರಾತ್ರಿ ಪೂರ್ತಿ ಸಣ್ಣ ಚಾರ್ಜರಿಗೆ ಹಾಕಿದೆ. ಬಿಚ್ಚಿ ಕೆಲವು ಗಂಟೆ ಬಿಟ್ಟು ನೋಡಿದರೂ 12.7 ಇತ್ತು. ಈಗಲೂ ಅದೇ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯುತ್ತಿದ್ದೇನೆ.