ಟಿವಿಯಲ್ಲಿ ಜಡೆಯ ಎಳೆ ಕಾಣುತ್ತಿಲ್ಲವೇ? ಬಣ್ಣದ ಸೆಟ್ಟಿಂಗ್ ಹೀಗೆ ನೋಡಿ

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಮಗಳ ಮದುವೆಯ ವಿಡಿಯೊ ಹಾಕಿದರು. ಹೊಸ 55 ಇಂಚಿನ ಟಿವಿ, ಅದಕ್ಕೆ ಎಚ್‌ಡಿಎಂಐ ಕೇಬಲ್‌ನಿಂದ ಜೋಡಿಸಿದ ಲ್ಯಾಪ್‌ಟಾಪ್. ಧಾರೆಯ ಹೊತ್ತಿಗೆ ಮದುಮಗಳು ಬೆನ್ನು ತಿರುಗಿಸಿದಳು. ತಲೆಯಲ್ಲಿ ಕೂದಲಿನ ಒಂದು ಎಳೆಯೂ ಕಾಣಲಿಲ್ಲ. ಇದ್ದಲಿನ ಉಂಡೆಗೆ ಮಲ್ಲಿಗೆ ಸುತ್ತಿದ ಹಾಗಿತ್ತು. ಆರತಕ್ಷತೆಯಲ್ಲಿ ಅಳಿಯನ ಕರಿ ಕೋಟಿಗೆ ಗುಂಡಿಯೂ ಇಲ್ಲ, ಮಡಿಕೆಯೂ ಇಲ್ಲ. "ವಿಡಿಯೊದವನಿಗೆ ಅಷ್ಟು ದುಡ್ಡು ಸುರಿದೆವಲ್ಲೋ" ಎಂದು ಅಕ್ಕ ಗೊಣಗಿದಳು. ಭಾವ ಟಿವಿಯನ್ನೇ ವಾಪಸು ಕೊಡುವ ಮಾತಾಡಿದರು.

ತಪ್ಪು ವಿಡಿಯೊದವನದೂ ಅಲ್ಲ, ಟಿವಿಯದೂ ಅಲ್ಲ. ಲ್ಯಾಪ್‌ಟಾಪ್ ಒಂದು ಲೆಕ್ಕದಲ್ಲಿ ಬಣ್ಣ ಕಳುಹಿಸುತ್ತಿತ್ತು, ಟಿವಿ ಇನ್ನೊಂದು ಲೆಕ್ಕದಲ್ಲಿ ಓದುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಅದೇ.

ಆ ಲೆಕ್ಕ ಇಷ್ಟೇ. 8 ಬಿಟ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ 0 ರಿಂದ 255 ಎಂಬ ಮೆಟ್ಟಿಲುಗಳಿವೆ. ಕಂಪ್ಯೂಟರಿಗೆ 0 ಎಂದರೆ ಕಡುಗಪ್ಪು, 255 ಎಂದರೆ ಅಚ್ಚಬಿಳಿ. ಇದು 'ಫುಲ್ ರೇಂಜ್'. ಟಿವಿ ಮತ್ತು ಸಿನಿಮಾ ಲೋಕದಲ್ಲಿ ಕಪ್ಪು 16ಕ್ಕೆ ಶುರುವಾಗಿ ಬಿಳಿ 235ಕ್ಕೆ ಮುಗಿಯುತ್ತದೆ. ನೋಟ್‌ಬುಕ್ಕಿನ ಮಾರ್ಜಿನ್‌ನಂತೆ ಆಚೀಚೆ ಜಾಗ ಬಿಟ್ಟಿರುತ್ತಾರೆ. ಇದು 'ಲಿಮಿಟೆಡ್'. ಸಾಧನ ಫುಲ್ ಕಳುಹಿಸಿ ಟಿವಿ ಅದನ್ನು ಲಿಮಿಟೆಡ್ ಎಂದು ಓದಿದರೆ 16ರ ಕೆಳಗಿನದೆಲ್ಲ ಒಂದೇ ಕಪ್ಪಾಗಿ ಮುಳುಗುತ್ತದೆ. ಅಕ್ಕನ ಮನೆಯಲ್ಲಿ ಆದದ್ದು ಇದು. ಇದಕ್ಕೆ ತಿರುಗುಮುರುಗಾದರೆ ಚಿತ್ರ ಬಿಳಿಚಿಕೊಂಡು, ದೇವರಾಯನದುರ್ಗಕ್ಕೆ ಬೆಳಗಿನ ಮಂಜು ಕವಿದಂತೆ ಕಾಣುತ್ತದೆ.

ಮೊದಲು ಟಿವಿಯ ಪಿಕ್ಚರ್ ಮೋಡನ್ನು 'ವಿವಿಡ್'ನಿಂದ ತೆಗೆದು 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್'ಗೆ ಹಾಕಿ. ವಿವಿಡ್ ಇರುವುದು ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಗಿರಾಕಿಯನ್ನು ಕರೆಯಲಿಕ್ಕೆ, ಮನೆಗಲ್ಲ.

ಆಮೇಲೆ ಸಾಧನದ ಕಡೆ ಬನ್ನಿ. ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಡಿಸ್ಕ್ ಪ್ಲೇಯರ್ ಆಗಿದ್ದರೆ ಬಣ್ಣದ ಸೆಟ್ಟಿಂಗ್ 'ಆಟೋ' ಅಥವಾ 'ವೈಸಿಬಿಸಿಆರ್' (ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಕಳುಹಿಸುವ ಬಗೆ) ಇರಲಿ, ರೇಂಜ್ ಕೇಳಿದರೆ ಲಿಮಿಟೆಡ್ ಎನ್ನಿ. ಪ್ಲೇಸ್ಟೇಷನ್‌ನಲ್ಲಿ 'ಆರ್‌ಜಿಬಿ ರೇಂಜ್' (ಆರ್‌ಜಿಬಿ ಎಂದರೆ ಕೆಂಪು, ಹಸಿರು, ನೀಲಿಯಾಗಿ ಬಣ್ಣ ಕಳುಹಿಸುವ ಬಗೆ) ಎಂಬಲ್ಲಿ 'ಆಟೋಮ್ಯಾಟಿಕ್' ಸಾಕು. ಕಂಪ್ಯೂಟರಿಗೆ ಆರ್‌ಜಿಬಿ ಫುಲ್ ಒಳ್ಳೆಯದು, ಆದರೆ ಟಿವಿಯೂ ಅದನ್ನು ಒಪ್ಪಿರಬೇಕು. ಒಪ್ಪಿಸುವ ಜಾಗಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಸ್ಯಾಮ್‌ಸಂಗ್‌ನಲ್ಲಿ 'ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್': 'ಲೋ' ಎಂದರೆ ಲಿಮಿಟೆಡ್, 'ನಾರ್ಮಲ್' ಎಂದರೆ ಫುಲ್. ಎಲ್‌ಜಿಯಲ್ಲಿ ಬ್ಲ್ಯಾಕ್ ಲೆವೆಲ್ 'ಲೋ' ಮತ್ತು 'ಹೈ'. ಸೋನಿಯವರು ಮಾತ್ರ 'ವಿಡಿಯೊ ರೇಂಜ್' ಎಂದು ಕರೆದು 'ಲಿಮಿಟೆಡ್', 'ಫುಲ್' ಎಂದೇ ಬರೆದಿದ್ದಾರೆ. ನನಗೆ ಹಿಡಿಸಿದ್ದು ಅದು. ಹಲವು ಟಿವಿಗಳಲ್ಲಿ ಆರ್‌ಜಿಬಿ ಬರುತ್ತಿರುವಾಗ ಮಾತ್ರ ಈ ಆಯ್ಕೆ ತೆರೆಯುತ್ತದೆ. ಮೆನುವಿನಲ್ಲಿ ಅದು ಮಸುಕಾಗಿದ್ದರೆ ಗಾಬರಿ ಬೇಡ.

ಸರಿಯಾಯಿತೋ ಇಲ್ಲವೋ ಎಂದು ನೋಡಲು ಕತ್ತಲ ದೃಶ್ಯವೊಂದನ್ನು ನಿಲ್ಲಿಸಿ. ಕರಿ ಕಂಬಳಿಯಾದರೆ ಅದರ ನೂಲು ಕಾಣಬೇಕು, ಹಾಗೆಂದು ಕಂಬಳಿ ಬೂದುಬಣ್ಣಕ್ಕೂ ತಿರುಗಬಾರದು. ಎರಡೂ ಆಯ್ಕೆಗಳನ್ನು ಅದಲು ಬದಲು ಮಾಡಿದರೆ ಒಂದೇ ನಿಮಿಷದಲ್ಲಿ ಕಣ್ಣಿಗೆ ಗೊತ್ತಾಗುತ್ತದೆ.

ಇನ್ನು ಬಣ್ಣದ ವಿವರ ಎಷ್ಟು ಹೋಗುತ್ತದೆ ಎಂದು ಹೇಳುವ 4:4:4, 4:2:2, 4:2:0 ಎಂಬ ಅಂಕಿಗಳು. ಹೊಸಿಲ ಮುಂದಿನ ರಂಗೋಲಿಯನ್ನು ನೆನೆಯಿರಿ. ಬಿಳಿ ಎಳೆಯನ್ನು ಎರಡು ಬೆರಳಲ್ಲಿ ಸಣ್ಣಗೆ ಎಳೆಯುತ್ತಾರೆ, ಬಣ್ಣವನ್ನು ಚಿಟಿಕೆಗಟ್ಟಲೆ ಒಳಗೆ ತುಂಬುತ್ತಾರೆ. ಎಳೆ ಚೂಪಾಗಿದ್ದರೆ ಬಣ್ಣ ಒಂದಿಷ್ಟು ಆಚೀಚೆಯಾದದ್ದು ಬೀದಿಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸಕ್ಕೆ ಸೂಕ್ಷ್ಮ, ಬಣ್ಣದ ವ್ಯತ್ಯಾಸಕ್ಕೆ ಅಷ್ಟಿಲ್ಲ. 4:4:4ರಲ್ಲಿ ಪ್ರತಿ ಚುಕ್ಕಿಗೂ ತನ್ನದೇ ಬಣ್ಣ, 4:2:2ರಲ್ಲಿ ಅಕ್ಕಪಕ್ಕದ ಎರಡು ಚುಕ್ಕಿಗೆ ಒಂದು, 4:2:0ರಲ್ಲಿ ನಾಲ್ಕಕ್ಕೆ ಒಂದು. ಡಿವಿಡಿ, ಬ್ಲೂ-ರೇ, ಸ್ಟ್ರೀಮಿಂಗ್ ಸಿನಿಮಾಗಳೆಲ್ಲ ಮೂಲದಲ್ಲಿ 4:2:0 ಆಗಿಯೇ ಇರುವುದರಿಂದ, ಸಿನಿಮಾ ನೋಡುವವರು 4:4:4ಕ್ಕೆ ಹಂಬಲಿಸಬೇಕಾಗಿಲ್ಲ. ಟಿವಿಯನ್ನೇ ಕಂಪ್ಯೂಟರ್ ಪರದೆ ಮಾಡಿಕೊಂಡವರ ಕತೆ ಬೇರೆ. ನೀಲಿಯ ಮೇಲಿನ ಕೆಂಪು ಅಕ್ಷರದ ಅಂಚು ಕಲೆಸಿಹೋದರೆ ಆರ್‌ಜಿಬಿ ಅಥವಾ 4:4:4 ಬೇಕು. ಎಷ್ಟೋ ಟಿವಿಗಳಲ್ಲಿ ಆ ಎಚ್‌ಡಿಎಂಐ ಕಿಂಡಿಗೆ 'ಪಿಸಿ' ಎಂದು ಹೆಸರಿಟ್ಟ ಮೇಲೆಯೇ ಅಕ್ಷರ ತಿಳಿಯಾಗುತ್ತದೆ.

ಕೊನೆಗೆ ಬಿಟ್. ಬಿಟ್ ಹೆಚ್ಚಿದಷ್ಟೂ ಕಪ್ಪಿನಿಂದ ಬಿಳಿಯವರೆಗಿನ ಮೆಟ್ಟಿಲುಗಳು ಹೆಚ್ಚು, ಸಣ್ಣವು. ಸಂಜೆಯ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ 10 ಬಿಟ್ ಬೇಕೆನಿಸುತ್ತದೆ; ಎಚ್‌ಡಿಆರ್ (ಕಡುಗತ್ತಲಿನಿಂದ ಝಗಮಗಿಸುವ ಬೆಳಕಿನವರೆಗೆ ಹೆಚ್ಚಿನ ಹರವು ತೋರುವ) ಚಿತ್ರಗಳಿಗೆ ಅದು ಬೇಕೇ ಬೇಕು. ಆದರೆ ಎಚ್‌ಡಿಎಂಐ 2.0ರ ಸಾಮರ್ಥ್ಯ ಸೆಕೆಂಡಿಗೆ 18 ಗಿಗಾಬಿಟ್. 4ಕೆ, 60 ಹರ್ಟ್ಸ್ (ಸೆಕೆಂಡಿಗೆ 60 ಚೌಕಟ್ಟು), 8 ಬಿಟ್, 4:4:4 ಎಂಬಷ್ಟಕ್ಕೇ ಅದು ತುಂಬಿಹೋಗುತ್ತದೆ. 10 ಬಿಟ್ ಬೇಕೆಂದರೆ 4:2:2ಕ್ಕೆ ಇಳಿಯಿರಿ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾಕ್ಕೆ ಈ ಇಕ್ಕಟ್ಟಿಲ್ಲ. ಟಿವಿಯ ಕಿಂಡಿಯನ್ನೂ 4ಕೆ 10 ಬಿಟ್‌ಗೆ ತೆರೆಯಬೇಕು: ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಎಲ್‌ಜಿಯಲ್ಲಿ 'ಅಲ್ಟ್ರಾ ಎಚ್‌ಡಿ ಡೀಪ್ ಕಲರ್', ಸೋನಿಯಲ್ಲಿ 'ಎನ್‌ಹಾನ್ಸ್ಡ್ ಫಾರ್ಮ್ಯಾಟ್'. ಇಷ್ಟಾದ ಮೇಲೆ ಪರದೆಯಲ್ಲಿ ಬಿಳಿ ಕಿಡಿಗಳು ಹಾರಿದರೆ, ಚಿತ್ರ ಆಗಾಗ ಮಾಯವಾದರೆ ಕೇಬಲ್ ಬದಲಿಸಿ. 'ಪ್ರೀಮಿಯಂ ಹೈ ಸ್ಪೀಡ್' ಎಂಬ ಗುರುತು ಇರಲಿ. ಸ್ಟಿಕ್‌ನಲ್ಲಿ ಎಚ್‌ಡಿಆರ್ 'ಯಾವಾಗಲೂ' ಬೇಡ, ಚಿತ್ರಕ್ಕೆ ತಕ್ಕಂತೆ ಬದಲಾಗುವ ಆಯ್ಕೆ ಹಾಕಿ. ಇಲ್ಲದಿದ್ದರೆ ವಾರ್ತೆ ಓದುವವರ ಮುಖವನ್ನೂ ಅದು ಎಚ್‌ಡಿಆರ್ ಮಾಡಲು ಹೊರಡುತ್ತದೆ.

ಅಕ್ಕನ ಮನೆಯಲ್ಲಿ ಇಷ್ಟೆಲ್ಲ ಬೇಕಾಗಲಿಲ್ಲ. ಬ್ಲ್ಯಾಕ್ ಲೆವೆಲ್ 'ಲೋ' ಇದ್ದದ್ದನ್ನು 'ನಾರ್ಮಲ್' ಮಾಡಿದೆ. ಜಡೆಯ ಎಳೆಗಳು ಒಂದೊಂದಾಗಿ ಬಿಡಿಸಿಕೊಂಡವು, ಕೋಟಿಗೆ ಗುಂಡಿ ಬಂದವು. ತೋಳಿನ ತುದಿಗೆ ಅಂಗಡಿಯವರು ಹೊಲಿದಿದ್ದ ಕರಿ ಪಟ್ಟಿಯನ್ನು ಅಳಿಯ ಕೀಳದೆಯೇ ವೇದಿಕೆ ಹತ್ತಿದ್ದ ಎಂಬುದೂ ಅವತ್ತೇ ಗೊತ್ತಾಯಿತು.