ಕೆಂಪು ಪೆನ್ನು ಎತ್ತುವ ಮುಂಚೆ

52ರಲ್ಲಿ 27 ಕಳೆಯಿರಿ ಅಂತ ಕೊಟ್ಟಿದ್ದೆ. ಹೊಸದಾಗಿ ಸೇರಿದ್ದ ಹುಡುಗನ ನೋಟ್‌ಬುಕ್ಕಿನಲ್ಲಿ ಉತ್ತರ 25 ಅಂತ ಸರಿಯಾಗೇ ಇತ್ತು. ಆದರೆ ಮೇಲಿನ 5ನ್ನು ಹೊಡೆದು 4 ಮಾಡಿರಲಿಲ್ಲ. ಅದರ ಬದಲು ಕೆಳಗಿನ 2ರ ಮಗ್ಗುಲಲ್ಲಿ ಪುಟ್ಟದೊಂದು 1 ಬರೆದಿದ್ದ. ನಾನು ‘ಕ್ರಮ ತಪ್ಪು’ ಅಂತ ಗೀಚಿ ಅರ್ಧ ಅಂಕ ಕಳೆದೆ. ಅವನು ತುಟಿ ಬಿಚ್ಚಲಿಲ್ಲ. ಮುಂದಿನ ವಾರದಿಂದ ಲೆಕ್ಕ ಮಾಡುವುದನ್ನೇ ಬಿಟ್ಟು ಪಕ್ಕದವನದ್ದು ನೋಡಿ ಬರೆಯತೊಡಗಿದ.

ಅದು ಅವನ ಅಜ್ಜಿ ಹೇಳಿಕೊಟ್ಟ ದಾರಿ ಅಂತ ಗೊತ್ತಾಗಲು ನನಗೆ ತಿಂಗಳು ಹಿಡಿಯಿತು. ಮೇಲೆ ಬಿಡಿಗೆ 10 ಕೂಡಿಸಿದರೆ ಕೆಳಗೆ ಹತ್ತರ ಮನೆಗೂ 1 ಕೂಡಿಸಬೇಕು. ಎರಡಕ್ಕೂ ಸಮನಾಗಿ ಸೇರಿಸಿದರೆ ವ್ಯತ್ಯಾಸ ಬದಲಾಗದು. 12ರಲ್ಲಿ 7 ಹೋದರೆ 5, 5ರಲ್ಲಿ 3 ಹೋದರೆ 2. ದಶಕ ಎರವಲು ತರುವ ನಮ್ಮ ರೀತಿಗಿಂತ ಇದು ಎಳ್ಳಷ್ಟೂ ಕಡಿಮೆಯಲ್ಲ. ತಪ್ಪಿದ್ದು ಅವನಲ್ಲ, ಕೇಳದೇ ಹೋದ ನಾನು.

ಬೇರೆ ಬೇರೆ ಮನೆಮಾತು, ಬೇರೆ ಬೇರೆ ಬದುಕಿನ ಮಕ್ಕಳಿರುವ ತರಗತಿಗೆ ಹೊಸದಾಗಿ ಹೋಗುವವರು ಇದೊಂದು ಮಾತು ರೂಢಿ ಮಾಡಿಕೊಳ್ಳಿ: “ಹೇಗೆ ಮಾಡಿದೆ, ತೋರಿಸು.” ಉತ್ತರ ಸರಿ ಇದ್ದಾಗಲೂ ಹೀಗೇ ಕೇಳಬೇಕು, ಇದು ಮುಖ್ಯ. ತಪ್ಪಾದಾಗ ಮಾತ್ರ ಕೇಳಿದರೆ ಎರಡೇ ದಿನದಲ್ಲಿ ಮಕ್ಕಳಿಗೆ ಗುಟ್ಟು ತಿಳಿದುಬಿಡುತ್ತದೆ. ನೀವು ಬಾಯಿ ತೆರೆಯುವುದರೊಳಗೆ ರಬ್ಬರ್ ಕೈಗೆ ಬಂದಿರುತ್ತದೆ. ಆಮೇಲೆ ಎರಡೂ ದಾರಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಎರಡರಲ್ಲೂ 25 ಯಾಕೆ ಬಂತು ಅಂತ ಇಡೀ ತರಗತಿಗೇ ಕೇಳಿ. ನಾನು ಐದು ನಿಮಿಷ ಅಂದುಕೊಂಡಿದ್ದೆ, ಪೂರ್ತಿ ಪೀರಿಯಡ್ಡೇ ಹೋಯಿತು. ಅರ್ಧ ಅಂಕವನ್ನೂ ವಾಪಸ್ ಕೊಟ್ಟೆ. “ಅಜ್ಜಿಗೆ ಹೇಳ್ಲಾ ಟೀಚರ್?” ಅಂದ.

ಮೊದಲ ದಿನ ಹಾಜರಿ ಪುಸ್ತಕ ನೋಡಿ ಹೆಸರು ಕೂಗಬೇಡಿ. ಮಕ್ಕಳೇ ತಮ್ಮ ಹೆಸರು ಹೇಳಲಿ, ನಿಮ್ಮ ಕಿವಿಗೆ ಬಿದ್ದ ಹಾಗೆ ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಬರೆದುಕೊಳ್ಳಿ. ನಾಲಿಗೆ ಹೊರಳದಿದ್ದರೆ “ಇನ್ನೊಂದು ಸಲ ಹೇಳಮ್ಮ” ಅನ್ನಿ. ಉದ್ದವಾಯಿತು ಅಂತ ನೀವೇ ಅಡ್ಡಹೆಸರು ಇಡುವುದು ಮಾತ್ರ ಬೇಡ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದನ್ನು ಕಲಿಯುವುದು ನನಗಂತೂ ಎಲ್ಲಕ್ಕಿಂತ ಕಷ್ಟವಾಯಿತು. 1970ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಮಾತನ್ನು ಧ್ವನಿಮುದ್ರಿಸಿಕೊಂಡು ಅಳೆದಾಗ, ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹಿಂದುಳಿದವರೆನಿಸಿಕೊಂಡ ಮಕ್ಕಳೂ ಬಾಯಿ ಬಿಟ್ಟರು. ಮನೆಮಾತಿನಲ್ಲಿ ಯೋಚಿಸಿ ಶಾಲೆಯ ಮಾತಿಗೆ ತಿರುಗಿಸಿ ಹೇಳುವ ಮಗುವಿಗೆ ಒಂದು ಸೆಕೆಂಡು ಎಲ್ಲಿ ಸಾಕು? ನಾನು ಬೆನ್ನ ಹಿಂದೆ ಬೆರಳು ಮಡಚಿ ಐದರ ತನಕ ಎಣಿಸುತ್ತೇನೆ. ಮೂರಕ್ಕೆ ಬರುವಷ್ಟರಲ್ಲಿ ಗಂಟಲು ಕೆರೆಯಲು ಶುರುವಾಗುತ್ತದೆ, ಈಗಲೂ.

ಎಲ್ಲ ಮಕ್ಕಳೂ ಕೈ ಎತ್ತಿ ಸರದಿಗೆ ಕಾಯಬೇಕೆಂಬುದನ್ನೂ ಸ್ವಲ್ಪ ಸಡಿಲಿಸಿ. ಹವಾಯಿಯಲ್ಲಿ ಅಲ್ಲಿನ ಮೂಲನಿವಾಸಿ ಮಕ್ಕಳು ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಕೂಡಿಸುತ್ತಾ ಸೇರಿ ಕತೆ ಕಟ್ಟುತ್ತಿದ್ದರು. ಓದಿನ ಪಾಠದಲ್ಲಿ ಅದಕ್ಕೆ ಜಾಗ ಕೊಟ್ಟಾಗ ಪಾಠದ ಮೇಲಿನ ಗಮನ ಹೆಚ್ಚಿದ್ದನ್ನು ಸಂಶೋಧಕಿ ಕ್ಯಾಥರಿನ್ ಔ ದಾಖಲಿಸಿದ್ದಾರೆ. ನಾನು ಗಲಾಟೆ ಅಂದುಕೊಂಡಿದ್ದರಲ್ಲಿ ಅರ್ಧ ಇಂಥದ್ದೇ ಇತ್ತೋ ಏನೋ.

ಗುಂಪು ಕೆಲಸದಲ್ಲಿ ಮನೆಮಾತು ಆಡಲು ಬಿಡಿ. ಒದ್ದೆ ನೆಲ ಯಾಕೆ ಒಣಗುತ್ತದೆ ಅಂತ ಕೇಳಿದಾಗ ಇಬ್ಬರು ಹುಡುಗಿಯರು ನನಗೆ ಒಂದಕ್ಷರ ಅರ್ಥವಾಗದ ಭಾಷೆಯಲ್ಲಿ ಜಗಳಕ್ಕೇ ಬಿದ್ದರು. ಆಮೇಲೆ ಬರೆದುಕೊಟ್ಟ ಮೂರು ಸಾಲಿನಲ್ಲಿ ಕಾಗುಣಿತ ಎಡವಟ್ಟು, ವಿಜ್ಞಾನ ಚೊಕ್ಕ. ಎರಡಕ್ಕೂ ಬೇರೆ ಬೇರೆ ಅಂಕ ಹಾಕಿದೆ.

ಒಂದು ಎಚ್ಚರಿಕೆ. “ನಿಮ್ಮವರಲ್ಲಿ ಇದನ್ನ ಹೇಗೆ ಮಾಡ್ತಾರೆ, ಎದ್ದು ಹೇಳು” ಅಂತ ಒಂದು ಮಗುವನ್ನು ಇಡೀ ಜನಾಂಗದ ವಕ್ತಾರನನ್ನಾಗಿ ನಿಲ್ಲಿಸಬೇಡಿ. ವರ್ಷಕ್ಕೊಮ್ಮೆ ವೇಷ ಹಾಕಿಸಿ ಫೋಟೊ ತೆಗೆಸಿ ಕೈತೊಳೆದುಕೊಳ್ಳುವುದೂ ಅಷ್ಟೇ. ಪಾಪ, ಕಷ್ಟ ಅಂತ ಸುಲಭದ ಲೆಕ್ಕ ಕೊಡುವುದು ಅದಕ್ಕಿಂತ ಕೆಟ್ಟದ್ದು. ಮಕ್ಕಳ ಸಂಸ್ಕೃತಿಗೆ ಹೊಂದಿಕೊಂಡು ಕಲಿಸುವ ಈ ಬಗೆಯ ಬೋಧನೆಗೆ 1995ರಲ್ಲಿ ಸಿದ್ಧಾಂತದ ರೂಪ ಕೊಟ್ಟ ಅಮೆರಿಕದ ಶಿಕ್ಷಣತಜ್ಞೆ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಮೂರು ಗುರಿ ಇಟ್ಟರು: ಓದಿನಲ್ಲಿ ಗೆಲ್ಲುವುದು, ತನ್ನ ಸಂಸ್ಕೃತಿಯನ್ನು ಬಿಟ್ಟುಕೊಡದಿರುವುದು, ಅನ್ಯಾಯವನ್ನು ಪ್ರಶ್ನಿಸುವುದು. ಮೊದಲನೆಯದನ್ನು ಮರೆತು ಎರಡನೆಯದಕ್ಕೆ ಚಪ್ಪಾಳೆ ತಟ್ಟುವವರೇ ಜಾಸ್ತಿ.

ಪ್ರಶ್ನೆಪತ್ರಿಕೆಯನ್ನೂ ಒಮ್ಮೆ ಮಗುವಿನ ಕಣ್ಣಿನಿಂದ ಓದಿ. ಋಣಸಂಖ್ಯೆಗೆ ನಾನು ಬರೆದಿದ್ದ ಪ್ರಶ್ನೆ: ಮೂರನೇ ಮಹಡಿಯಲ್ಲಿದ್ದ ಲಿಫ್ಟ್ 5 ಮಹಡಿ ಇಳಿದರೆ ಎಲ್ಲಿರುತ್ತದೆ? ಒಬ್ಬಳು ಪರೀಕ್ಷೆಯ ನಡುವೆ ಎದ್ದು, “ಟೀಚರ್, ನೆಲದ ಕೆಳಗೂ ಮನೆ ಇರುತ್ತಾ?” ಅಂದಳು. ಅವಳಿಗೆ ಮೈನಸ್ 2 ಗೊತ್ತಿತ್ತು, ಗೊತ್ತಿಲ್ಲದ್ದು ಲಿಫ್ಟು. ಈಗ ಪರೀಕ್ಷೆಯಲ್ಲಿ ನೆಲದಿಂದ 3 ಅಡಿ ಮೇಲಿದ್ದ ಬಕೆಟ್ಟು 5 ಅಡಿ ಇಳಿದು ಗುಂಡಿಗೆ ಹೋಗುತ್ತದೆ. ಲಿಫ್ಟನ್ನು ಬಿಟ್ಟಿಲ್ಲ. ಅದನ್ನು ಪಾಠದ ದಿನ ಬೋರ್ಡಿನ ಮೇಲೆ ಬರೆದು, ಬೇಸ್‌ಮೆಂಟಿನ ಬಟನ್ನನ್ನು ಅವಳ ಕೈಯಲ್ಲೇ ಒತ್ತಿಸುತ್ತೇನೆ.