ಹಳೇ ಉಣ್ಣೆ ಈಜುಡುಗೆ: ಕೊಳ್ಳುವಾಗ, ಒಗೆಯುವಾಗ

ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಬಂದ ಮೇಲೆ ನನಗೆ ಹಳೇ ಈಜುಡುಗೆಗಳ ಹುಚ್ಚು ಹಿಡಿಯಿತು. ಶನಿವಾರ ಎಲ್ಲಾದರೂ ಎಸ್ಟೇಟ್ ಸೇಲ್, ಅಂದರೆ ಒಂದು ಮನೆಯ ಹಳೇ ಸಾಮಾನೆಲ್ಲ ಮಾರುವ ಸಂತೆ, ಇದ್ದರೆ ಕಾಫಿ ಕುಡಿದವಳೇ ಹೊರಟುಬಿಡುತ್ತೇನೆ. ಯಾರದೋ ಅಟ್ಟದ ಪೆಟ್ಟಿಗೆಯಲ್ಲಿ 1920ರ ದಶಕದ ಜಾಂಟ್ಸೆನ್ ಕಂಪನಿಯ ಈಜುಡುಗೆ ಸಿಕ್ಕರೆ ವಾರವಿಡೀ ಖುಷಿ.

ಉಣ್ಣೆ ಹಾಕಿಕೊಂಡು ಈಜೋದಾ ಅಂತ ಊರಿನವರು ಕೇಳುತ್ತಾರೆ. ಹೌದು. ಜಾಂಟ್ಸೆನ್ 1910ರಲ್ಲಿ ಇದೇ ಪೋರ್ಟ್‌ಲ್ಯಾಂಡಿನಲ್ಲಿ ಶುರುವಾದ ಹೆಣಿಗೆ ಕಂಪನಿ. ದೋಣಿ ಕ್ಲಬ್ಬಿನವನೊಬ್ಬ ಚಳಿಗೆ ಬೆಚ್ಚಗಿರುವ ಚಡ್ಡಿ ಬೇಕು ಎಂದ. ಸ್ವೆಟರಿನ ತೋಳಿನ ತುದಿ ಇರುತ್ತದಲ್ಲ, ಎಳೆದರೆ ಹಿಗ್ಗಿ ಬಿಟ್ಟರೆ ಕೂಡಿಕೊಳ್ಳುವ ಗೆರೆಗೆರೆ ಹೆಣಿಗೆ, ಅದರಲ್ಲೇ ಮಾಡಿಕೊಟ್ಟರು. ಆ ಹೆಣಿಗೆಯಿಂದಲೇ ಅವರ ಈಜುಡುಗೆ ಬಂತು.

ಕೈಗೆ ಸಿಕ್ಕ ತಕ್ಷಣ ಒಳಮೈ ತಿರುಗಿಸಿ ನೋಡಿ. ಲೇಬಲ್ಲಿನಲ್ಲಿ ಒಗೆಯುವ ಸೂಚನೆ ಇದ್ದರೆ ಅದು ಅಷ್ಟು ಹಳೆಯದಲ್ಲ. ಅಮೆರಿಕದಲ್ಲಿ ಆ ಸೂಚನೆ ಕಡ್ಡಾಯವಾದದ್ದು 1972ರಲ್ಲಿ. ಒಂದು ಭುಜದ ಮೇಲೆ ಗುಂಡಿ, ಚಡ್ಡಿಯ ಮೇಲೆ ಮುಚ್ಚಿದಂತೆ ಪುಟ್ಟ ಲಂಗ ಇದ್ದರೆ 1920ರ ಆಸುಪಾಸಿನದು ಇರಬಹುದು. ನೀರಿಗೆ ಹಾರುವ ಕೆಂಪು ಬಟ್ಟೆಯ ಹುಡುಗಿ, ಅಂದರೆ ಜಾಂಟ್ಸೆನ್ ಗುರುತು, ಇದ್ದರೆ ಅವಳ ತಲೆ ನೋಡಿ. ಕುಚ್ಚಿನ ಟೋಪಿ, ಮೊಣಕಾಲವರೆಗೆ ಕಾಲುಚೀಲ ಇದ್ದರೆ ಅದು ಮೊದಮೊದಲ ಚಿತ್ರ.

ಆಮೇಲೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ನುಸಿ ತಿಂದ ತೂತು ಗೆರೆಗಳ ಸಂದಿಯಲ್ಲಿ ಅಡಗಿರುತ್ತದೆ, ಸುಮ್ನೆ ನೋಡಿದರೆ ಕಾಣುವುದಿಲ್ಲ. ಎರಡು ಬೆರಳಲ್ಲಿ ಅಗಲಿಸುತ್ತಾ ಹೋಗಿ. ನಾಲ್ಕೈದು ತೂತು ರಫು ಮಾಡಬಹುದು. ಹಿಂಭಾಗವೇ ಜರಡಿಯಾಗಿದ್ದರೆ ಬಿಟ್ಟುಬಿಡಿ.

1930ರ ದಶಕದಿಂದ ಈಚಿನವಕ್ಕೆ ಲಾಸ್ಟೆಕ್ಸ್ ಬಂತು, ರಬ್ಬರಿನ ಎಳೆಗೆ ನೂಲು ಸುತ್ತಿದ್ದು. ಮೆಲ್ಲಗೆ ಎಳೆದು ಕಿವಿ ಹತ್ತಿರ ಹಿಡಿಯಿರಿ. ಚಿಟಿಚಿಟಿ ಸದ್ದು ಬಂದರೆ ರಬ್ಬರ್ ಸತ್ತಿದೆ. ಅದನ್ನು ಯಾರೂ ಬದುಕಿಸಲಾರರು.

ಒಗೆಯುವುದರಲ್ಲಿ ಮಾತ್ರ ಆತುರ ಬೇಡ. ನನಗೆ ಮೊದಲು ಸಿಕ್ಕ ನೀಲಿ ಈಜುಡುಗೆಯನ್ನು ಒಗೆದು ತಂತಿಯ ಮೇಲೆ ನೇತುಹಾಕಿದ್ದೆ. ನೀರು ಕುಡಿದ ಉಣ್ಣೆ ಭಾರಕ್ಕೆ ಜಗ್ಗಿ ಸಂಜೆಗೆ ಒಂದು ಗೇಣು ಉದ್ದವಾಗಿತ್ತು. ಎಂಬತ್ತು ವರ್ಷ ಯಾರೋ ಜೋಪಾನ ಮಾಡಿದ್ದನ್ನು ನಾನು ಒಂದೇ ದಿನದಲ್ಲಿ ಹಾಳು ಮಾಡಿದೆ. ಇವತ್ತಿಗೂ ಸಂಕಟವಾಗುತ್ತದೆ.

ಹಾಗಾಗಿ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಒಳಹೊಲಿಗೆಗೆ ಒತ್ತಿ, ಬಣ್ಣ ಬಿಡುತ್ತದಾ ನೋಡಿ. ಬಿಡದಿದ್ದರೆ ಬೋಗುಣಿಯಲ್ಲಿ ತಣ್ಣೀರು, ನಾಲ್ಕು ಹನಿ ಮಕ್ಕಳ ಶಾಂಪೂ. ಉಜ್ಜಬೇಡಿ, ಹಿಂಡಬೇಡಿ, ಅಂಗೈಯಲ್ಲಿ ಒತ್ತಿದರೆ ಸಾಕು. ಎತ್ತುವಾಗ ಭುಜದ ಪಟ್ಟಿ ಹಿಡಿಯದೆ, ಎರಡೂ ಕೈ ಕೆಳಗೆ ಕೊಟ್ಟು ಎತ್ತಿ, ಹಸುಗೂಸನ್ನು ನೀರಿನಿಂದ ಎತ್ತುತ್ತೇವಲ್ಲ ಹಾಗೆ. ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ನೆರಳಲ್ಲಿ ಚಪ್ಪಟೆಯಾಗಿ ಹಾಸಿ.

ಹೊಸದಾಗಿ ತಂದದ್ದನ್ನು ಬೇರೆ ಬಟ್ಟೆಗಳ ಜೊತೆ ಇಡುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಒಳಗೆ ನುಸಿಯ ಮೊಟ್ಟೆ ಇದ್ದರೆ ಸಾಯುತ್ತವೆ. ನುಸಿಗುಳಿಗೆ ನಾನು ಹಾಕುವುದಿಲ್ಲ, ಉಣ್ಣೆಗೆ ಹಿಡಿದ ಆ ವಾಸನೆ ಬಿಡುವುದೇ ಇಲ್ಲ. ಹ್ಯಾಂಗರಿಗೂ ಹಾಕಬೇಡಿ. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡುತ್ತೇನೆ. ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ಅಮ್ಮ ಕೊಟ್ಟ ರೇಷ್ಮೆ ಸೀರೆಗಳ ಮಡಿಕೆ ಬದಲಿಸುವಾಗ ಇವನ್ನೂ ತೆಗೆದು ಗಾಳಿಗೆ ಹಾಸುತ್ತೇನೆ.